ಪಂಪ್ ಮುಳುಗಿದರೂ ಓಡುತ್ತದೆ, ಸ್ಟಾರ್ಟರ್ ಮುಳುಗಿದರೆ ಓಡುವುದಿಲ್ಲ

ಪ್ರವಾಹ ಬಂದಾಗ ಸುತ್ತ ಎಲ್ಲೆಲ್ಲೂ ನೀರು, ನಲ್ಲಿಯಲ್ಲಿ ಮಾತ್ರ ಇಲ್ಲ. ನಾನು ನೀರು ಸರಬರಾಜಿನ ಕೆಲಸದವನು. ನದಿ ದಡದ ಪಂಪ್‌ಹೌಸ್‌ಗಳನ್ನೂ ಶುದ್ಧೀಕರಣ ಘಟಕವನ್ನೂ ಪ್ರವಾಹಕ್ಕೆ ಸಜ್ಜು ಮಾಡುವ ಹೊಣೆ ಕೆಲವು ವರ್ಷಗಳಿಂದ ನನ್ನ ಮೇಲಿದೆ. ಅದನ್ನು ಹೇಗೆ ಮಾಡಿದೆವು ಅಂತ ಇಲ್ಲಿ ಬರೆದಿದ್ದೇನೆ.

ಇಂಥ ಕೆಲಸ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ದೊಡ್ಡ ಗೋಡೆ. ಬೇಕಾದ ಕಡೆ ಗೋಡೆ ಬೇಕು, ನಿಜ. ಆದರೆ ನಾವು ಮೊದಲು ಒಂದು ಹಾಳೆ ಹಿಡಿದು ನಲ್ಲಿಯಿಂದ ಹಿಂದಕ್ಕೆ ಹೊರಟೆವು. ನಲ್ಲಿಗೆ ಟ್ಯಾಂಕ್ ಬೇಕು, ಟ್ಯಾಂಕಿಗೆ ಪಂಪ್, ಪಂಪಿಗೆ ಕರೆಂಟ್. ಕರೆಂಟ್ ಹೋದರೆ ಜನರೇಟರ್, ಅದಕ್ಕೆ ಡೀಸೆಲ್, ಡೀಸೆಲ್ ಬರಲು ರಸ್ತೆ, ಡೀಸೆಲ್ ಕಳಿಸಿ ಅನ್ನಲು ಫೋನ್. ಫೋನಿನ ಟವರ್‌ಗೂ ಮತ್ತೆ ಕರೆಂಟೇ ಬೇಕಲ್ವಾ! ಪ್ರತಿಯೊಂದರ ಮುಂದೆ ಅದು ಎಷ್ಟು ಎತ್ತರದಲ್ಲಿದೆ ಅಂತ ಲೆವೆಲ್ ತೆಗೆದು ಬರೆದೆವು. ಹಳೆಯ ಪ್ರವಾಹಗಳ ಗುರುತಿನ ಜೊತೆ ಇಟ್ಟು ನೋಡಿದೆವು. ಯಾವುದು ಮೊದಲು ಮುಳುಗುತ್ತದೆ ಅನ್ನುವುದು ಆ ಹಾಳೆಯಲ್ಲೇ ಕಂಡಿತು.

ಈ ಸರಪಳಿ ನೋಡುವ ಬುದ್ಧಿ ನನಗೆ ಬಂದದ್ದು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಕಥೆ ಓದಿ. 2012ರ ಸ್ಯಾಂಡಿ ಚಂಡಮಾರುತದ ಹೊತ್ತಿಗೆ ಅಲ್ಲಿ ಜನರೇಟರ್‌ಗಳು 13ನೇ ಮಹಡಿಯಲ್ಲಿದ್ದವು. ಆದರೆ ಡೀಸೆಲ್ ಮೇಲೆತ್ತುವ ಪಂಪ್‌ಗಳಿದ್ದದ್ದು ನೆಲಮಾಳಿಗೆಯಲ್ಲಿ. ನೀರು ನುಗ್ಗಿ ಅವು ನಿಂತವು. ಸಿಬ್ಬಂದಿ ಮೆಟ್ಟಿಲು ಹತ್ತಿ ಕೈಯಿಂದ ಕೈಗೆ ಡೀಸೆಲ್ ಸಾಗಿಸಿದರು. ಕೊನೆಗೆ ಆಸ್ಪತ್ರೆಯನ್ನೇ ಖಾಲಿ ಮಾಡಬೇಕಾಯಿತು. 2011ರ ಸುನಾಮಿಯಲ್ಲಿ ಜಪಾನಿನ ಫುಕುಶಿಮಾ ದಾಯಿಚಿ ಅಣುವಿದ್ಯುತ್ ಸ್ಥಾವರದಲ್ಲೂ ಕೆಳಗಿದ್ದ ಜನರೇಟರ್‌ಗಳು, ಪ್ಯಾನೆಲ್‌ಗಳು ಮುಳುಗಿ ಹೋದವು. ಕರೆಂಟ್ ಕೊಡುತ್ತಾ ಉಳಿದದ್ದು 6ನೇ ಘಟಕದ, ಎತ್ತರದಲ್ಲಿದ್ದ, ಗಾಳಿಯಿಂದ ತಣಿಯುವ ಒಂದು ಜನರೇಟರ್ ಮಾತ್ರ. 5 ಮತ್ತು 6ನೇ ಘಟಕಗಳನ್ನು ಕಾಪಾಡಿದ್ದು ಅದೇ.

ನಮ್ಮ ಸಬ್‌ಮರ್ಸಿಬಲ್ ಪಂಪ್‌ಗಳು ಹೇಗೂ ನೀರೊಳಗೇ ಇರುವಂಥವು, ಅವುಗಳ ಚಿಂತೆ ಇರಲಿಲ್ಲ. ಕೆಡುವುದು ಸ್ಟಾರ್ಟರ್ ಮತ್ತು ಪ್ಯಾನೆಲ್ ಬೋರ್ಡ್. ಹಾಗಾಗಿ ಮೊದಲ ಕೆಲಸ, ಪ್ಯಾನೆಲ್‌ಗಳನ್ನು ಕಬ್ಬಿಣದ ಅಟ್ಟಣಿಗೆ ಕಟ್ಟಿ ಮೇಲಕ್ಕೇರಿಸಿದ್ದು. ಮೋಟಾರ್ ನೆಲದ ಮೇಲಿರುವ ಕಡೆ ಅಷ್ಟು ಸುಲಭವಲ್ಲ, ಅಲ್ಲಿ ಬಾಗಿಲಿಗೆ ಅಡ್ಡಹಲಗೆ ಕೂರಿಸುವ ಚೌಕಟ್ಟು ಹಾಕಿಸಿದೆವು. ಆದರೆ ನೀರು ಬಾಗಿಲಿನಿಂದಲೇ ಬರುತ್ತದೆ ಅಂತೇನಿಲ್ಲ. ಕೇಬಲ್ ಹಾಯುವ ತೂತು, ನೆಲದ ಚರಂಡಿ ಪೈಪು, ಇವೇ ಕಳ್ಳದಾರಿಗಳು. ಚರಂಡಿಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್, ಕೇಬಲ್ ತೂತಿಗೆ ಬಿಗಿಯಾದ ಸೀಲ್. ಖರ್ಚು ತೀರಾ ಕಡಿಮೆ. ಗೋಡೆಗೆ ಹಣ ಸುರಿದು ಈ ತೂತು ಬಿಟ್ಟರೆ ಎಲ್ಲಾ ವ್ಯರ್ಥ.

ನೆಲದಡಿಯ ಸಂಪ್ ಬಗ್ಗೆ ಒಂದು ಮಾತು. ಪ್ರವಾಹ ಬರುತ್ತದೆ ಅಂದಾಗ ಕೆಲವರು ತೊಟ್ಟಿ ಖಾಲಿ ಮಾಡಿಡಲು ಹೊರಡುತ್ತಾರೆ. ಮಾಡಬೇಕಾದದ್ದು ಅದರ ಉಲ್ಟಾ. 1 ಲಕ್ಷ ಲೀಟರ್ ತೊಟ್ಟಿಯನ್ನು ಸುತ್ತಲಿನ ನೀರು ಸುಮಾರು 100 ಟನ್ ಬಲದಿಂದ ಮೇಲೆತ್ತುತ್ತದೆ. ಖಾಲಿ ಇದ್ದರೆ ತೊಟ್ಟಿ ಎದ್ದು ಪೈಪುಗಳನ್ನೆಲ್ಲ ಮುರಿಯಬಹುದು. ಎಚ್ಚರಿಕೆ ಬಂದ ಕೂಡಲೇ ಎಲ್ಲಾ ತೊಟ್ಟಿ, ಟ್ಯಾಂಕ್ ತುಂಬಿಸುವುದು ನಮ್ಮ ನಿಯಮ. ಜನರಿಗೆ ಕುಡಿಯಲೂ ಆಯಿತು. ಡೀಸೆಲ್ ಟ್ಯಾಂಕಿಗೂ ಇದೇ ಲೆಕ್ಕ. ಅದರ ಗಾಳಿಕೊಳವೆಯ ಬಾಯಿ ಪ್ರವಾಹದ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಡೀಸೆಲ್‌ಗೆ ನೀರು ಸೇರುತ್ತದೆ. ಖಾಲಿ ಕ್ಲೋರಿನ್ ಟನ್ನರ್‌ಗಳೂ, ಅಂದರೆ ಕ್ಲೋರಿನ್ ತುಂಬಿ ಬರುವ ದೊಡ್ಡ ಸಿಲಿಂಡರ್‌ಗಳೂ ತೇಲುತ್ತವೆ, ಅವನ್ನು ಸರಪಳಿ ಹಾಕಿ ಕಟ್ಟಿದ್ದೇವೆ.

ಜನರೇಟರ್ ಇದೆ ಅನ್ನುವುದು ಬೇರೆ, ಅದು ಓಡುತ್ತದೆ ಅನ್ನುವುದು ಬೇರೆ. ಸ್ಟಾರ್ಟ್ ಆಗದಿರಲು ಮಾಮೂಲಿ ಕಾರಣ ಸತ್ತ ಬ್ಯಾಟರಿ. ಸುಮ್ನೆ ಐದು ನಿಮಿಷ ಲೋಡ್ ಇಲ್ಲದೆ ಓಡಿಸಿ ನಿಲ್ಲಿಸುವುದು ಪರೀಕ್ಷೆಯಲ್ಲ. ನಾವು ಪಂಪಿನ ಲೋಡ್ ಕೊಟ್ಟೇ ಓಡಿಸುತ್ತೇವೆ. 100 ಕಿಲೋವ್ಯಾಟ್ ಲೋಡಿಗೆ ಗಂಟೆಗೆ ಸುಮಾರು 25ರಿಂದ 30 ಲೀಟರ್ ಡೀಸೆಲ್ ಬೇಕು. ರಸ್ತೆ ಕಡಿದು 3 ದಿನ ಕಳೆಯಬೇಕೆಂದರೆ 2000 ಲೀಟರ್ ಹತ್ತಿರ ಹೋಗುತ್ತದೆ. ಹೊರಗಿನಿಂದ ಬಾಡಿಗೆ ಜನರೇಟರ್ ತಂದು ಜೋಡಿಸಲು ಪ್ರತಿ ಪಂಪ್‌ಹೌಸ್‌ನಲ್ಲೂ ಒಂದು ಜಾಗ, ಲೈನ್ ಕರೆಂಟಿನಿಂದ ಜನರೇಟರ್‌ಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಟ್ಟಿದ್ದೇವೆ. ಪಕ್ಕದಲ್ಲೇ ಮೂರು ಫೇಸ್ ತಂತಿಗಳನ್ನು ಜೋಡಿಸುವ ಕ್ರಮ ಬರೆದ ಬೋರ್ಡು. ಎರಡು ಫೇಸ್ ಅದಲುಬದಲಾದರೆ ಪಂಪ್ ಹಿಂದುಮುಂದಾಗಿ ತಿರುಗುತ್ತದೆ. ನಡುರಾತ್ರಿ ಮಳೆಯಲ್ಲಿ ಅದು ಯಾರಿಗೆ ಹೊಳೆಯುತ್ತದೆ?

ಇಷ್ಟಾದರೂ ಏನಾದರೊಂದು ಕೆಡುತ್ತದೆ. ಆಗ ಯಾವ ಬಡಾವಣೆಗೆ ಮೊದಲು ನೀರು ಅನ್ನುವ ಜಗಳ ಅಲ್ಲೇ ನಿಂತು ಆಡಬಾರದು. ಆಸ್ಪತ್ರೆಯ ಲೈನ್ ಮೊದಲು, ಆಮೇಲೆ ನಿರಾಶ್ರಿತರ ಶಿಬಿರ, ಹೀಗೆ ವಾಲ್ವ್‌ಗಳ ಕ್ರಮ ಮೊದಲೇ ಬರೆದು ಆಪರೇಟರ್‌ಗಳ ಕೈಗೆ ಕೊಟ್ಟಿದ್ದೇವೆ. ಸ್ವಲ್ಪವಾದರೂ ಪ್ರೆಶರ್ ಉಳಿಸುವುದು ಮುಖ್ಯ. ಪೈಪ್ ಬರಿದಾದರೆ ಸೋರುವ ಜಾಗಗಳಿಂದಲೇ ಕೊಳೆನೀರು ಒಳಬರುತ್ತದೆ. ಮಾಮೂಲಿ ದಿನಗಳಲ್ಲಿ ನಲ್ಲಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದರೆ ಸಾಕು, ಪ್ರವಾಹದ ದಿನಗಳಲ್ಲಿ 0.5ಕ್ಕೆ ಏರಿಸುತ್ತೇವೆ.

ಹಣ ಕೇಳಲು ಹೋದಾಗ ನನಗೆ ನೆರವಾದದ್ದು ವಿಶ್ವಬ್ಯಾಂಕ್ 2019ರಲ್ಲಿ ಕೊಟ್ಟ ಲೆಕ್ಕ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಇಂಥ ಸೌಕರ್ಯಗಳನ್ನು ಗಟ್ಟಿ ಮಾಡಲು ಹಾಕುವ 1 ಡಾಲರ್‌ಗೆ 4 ಡಾಲರ್ ಲಾಭವಂತೆ. ಆದರೂ ಜನರೇಟರ್ ಕೊಳ್ಳಲು ಸಿಗುವ ಹಣ ಅದರ ಬ್ಯಾಟರಿ ಬದಲಿಸಲು ಸಿಗುವುದಿಲ್ಲ. ನಿರ್ವಹಣೆಯ ಹಣವನ್ನು ಮೊದಲ ಅಂದಾಜಿನಲ್ಲೇ ಸೇರಿಸಿಬಿಡಿ, ಆಮೇಲೆ ಕೇಳಿದರೆ ಕಷ್ಟ.

ಬಾಕಿ ಉಳಿದಿರುವುದು ಸೇತುವೆಗೆ ಕಟ್ಟಿಕೊಂಡು ಹೋಗುವ ಮುಖ್ಯ ಪೈಪು. ಕಂಬದ ಬುಡದ ಮಣ್ಣು ಕೊರೆದು ಸೇತುವೆ ಕುಸಿದರೆ ಪೈಪೂ ಹೋಗುತ್ತದೆ. ನದಿ ತಳದ ಅಡಿಯಿಂದ ಇನ್ನೊಂದು ಲೈನ್ ಹಾಯಿಸುವ ಅಂದಾಜು ಸಿದ್ಧವಿದೆ, ಮಂಜೂರಾಗಿಲ್ಲ. ಸದ್ಯಕ್ಕೆ, ಪೈಪು ಮುರಿದರೆ ಮುಚ್ಚಿಬಿಡಲು ಎರಡೂ ದಡದಲ್ಲಿ ವಾಲ್ವ್ ಹಾಕಿದ್ದೇವೆ. ಆಚೆ ದಡದ ಎರಡು ಹಳೇ ಬೋರ್‌ವೆಲ್‌ಗಳನ್ನು ಮತ್ತೆ ಓಡುವಂತೆ ಮಾಡಿಟ್ಟಿದ್ದೇವೆ.