ಮೂರನೆಯ ‘ಯಾಕೆ’ಗೇ ಕ್ಷಮೆ ಕೇಳಿದ ಹುಡುಗ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಎಂಟು ಸಿಎನ್‌ಸಿ ಲೇತ್, ಮೂರು ಪಾಳಿ, ಇಪ್ಪತ್ತಾರು ಜನ. ವಾಹನಗಳಿಗೆ ಹೋಗುವ ಅಲ್ಯೂಮಿನಿಯಂ ಹೌಸಿಂಗ್‌ಗಳು, ಅಂದರೆ ಕವಚಗಳು, ನಮ್ಮಲ್ಲಿ ತಯಾರಾಗುತ್ತವೆ. ಹನ್ನೊಂದು ವರ್ಷ ಆಪರೇಟರ್ ಆಗಿ ದುಡಿದು ಮೇಲೆ ಬಂದವನಾದ್ದರಿಂದ, ಸದ್ದು ಕೇಳಿಯೇ ಇನ್ಸರ್ಟ್ (ಲೋಹ ಕತ್ತರಿಸುವ ಅಲಗಿನ ತುದಿ) ಸವೆದಿದೆಯೋ ಇಲ್ಲವೋ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಯಾರಾದರೂ ತೊಂದರೆ ಹೇಳಿಕೊಂಡು ಬಂದರೆ ಅವರ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟಿರುತ್ತಿದ್ದೆ. ಅದರ ಫಲವನ್ನು ರಾತ್ರಿ ಎರಡು ಗಂಟೆಗೆ ಉಣ್ಣುತ್ತಿದ್ದೆ. ‘ಸರ್, ಅಲಾರಂ ಬಂದಿದೆ, ಏನು ಮಾಡಲಿ?’ ಎಂದು ಫೋನು. ಯೋಚಿಸುವುದು ನನ್ನ ಕೆಲಸ, ಗುಂಡಿ ಒತ್ತುವುದು ಅವರ ಕೆಲಸ ಎಂದು ನಾನೇ ಕಲಿಸಿಟ್ಟಿದ್ದೆ.

ಅಷ್ಟರಲ್ಲಿ ಒಂದು ತರಬೇತಿಗೆ ಕಳುಹಿಸಿದರು. ಅಲ್ಲಿ, ಐದು ಸಲ ‘ಯಾಕೆ’ ಎಂದು ಕೇಳಿ ತೊಂದರೆಯ ಮೂಲ ಹುಡುಕುವುದಕ್ಕೆ, ಜಪಾನಿನ ಟೊಯೋಟಾ ಕಾರು ಕಂಪನಿಯ ಎಂಜಿನಿಯರ್ ತಾಯಿಚಿ ಓನೊ ಹೇಳುತ್ತಿದ್ದ ಉದಾಹರಣೆ ಕೇಳಿದೆ. ಯಂತ್ರ ನಿಂತಿತು, ಯಾಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಯಾಕೆ ಹೆಚ್ಚಾಯಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ? ಪಂಪು ಸರಿಯಾಗಿ ಎಣ್ಣೆ ಎತ್ತಲಿಲ್ಲ. ಯಾಕೆ? ಅದರ ಶಾಫ್ಟ್ ಸವೆದಿತ್ತು. ಯಾಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿತ್ತು. ಫ್ಯೂಸ್ ಬದಲಿಸಿ ಸುಮ್ಮನಾಗಿದ್ದರೆ ನಾಲ್ಕು ದಿನಕ್ಕೆ ಮತ್ತೆ ನಿಲ್ಲುತ್ತಿತ್ತು. ಕೇಳಿ ಕಣ್ಣು ತೆರೆದಂತಾಯಿತು. ಮರುದಿನವೇ ಪ್ರಯೋಗಕ್ಕಿಳಿದೆ.

ಐಟಿಐ ಮುಗಿಸಿ ಹೊಸದಾಗಿ ಸೇರಿದ್ದ ಹುಡುಗ. ‘ಇನ್ಸರ್ಟ್ ಮುರಿಯಿತು ಸರ್’ ಎಂದ. ಯಾಕೆ ಮುರಿಯಿತು? ‘ಗೊತ್ತಿಲ್ಲ ಸರ್.’ ಯಾಕೆ ಗೊತ್ತಿಲ್ಲ? ತಲೆ ತಗ್ಗಿಸಿದ. ಯಾಕೆ ಸುಮ್ಮನೆ ನಿಂತೆ? ‘ತಪ್ಪಾಯಿತು ಸರ್, ಇನ್ನೊಮ್ಮೆ ಆಗುವುದಿಲ್ಲ.’ ಐದನೆಯದರವರೆಗೆ ಹೋಗಲೇ ಇಲ್ಲ.

ಜಪಾನಿನಲ್ಲಿ ಆ ಪದ ಹೇಗೆ ಕೇಳಿಸುತ್ತದೋ, ನಮ್ಮಲ್ಲಿ ಮಾತ್ರ ಅದು ಪ್ರಶ್ನೆಯೇ ಅಲ್ಲ. ‘ಯಾಕೆ ತಡ?’ ‘ಯಾಕೆ ಅಂಕ ಕಡಿಮೆ?’ ಎಂದು ಅಪ್ಪ ಕೇಳಿದಾಗ ಯಾವ ಮಗನೂ ಕಾರಣ ವಿವರಿಸಲು ಹೋಗುವುದಿಲ್ಲ. ಮುಂದೆ ಬರುವ ಏಟನ್ನು ಲೆಕ್ಕ ಹಾಕುತ್ತಾನೆ. ಹಾಗಾಗಿ ಆ ಪದವನ್ನೇ ಬಿಟ್ಟೆ. ಯಾವಾಗಿನಿಂದ ಹೀಗಾಗುತ್ತಿದೆ? ಮೊದಲು ಏನು ಕಂಡಿತು? ಚೆನ್ನಾಗಿ ಬಂದ ಪೀಸಿಗೂ ಇದಕ್ಕೂ ಏನು ವ್ಯತ್ಯಾಸ? ಇವುಗಳಿಗೆ ಹುಡುಗರು ಬಾಯಿಬಿಟ್ಟರು. ಅವರನ್ನಲ್ಲ, ಪೀಸನ್ನು ಕುರಿತು ಕೇಳುತ್ತಿದ್ದೇನೆ ಎಂಬುದು ಅವರಿಗೆ ತಿಳಿಯುತ್ತಿತ್ತು.

ಆದರೂ ಇನ್ನೊಂದು ತಪ್ಪು ಉಳಿದಿತ್ತು. ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದೆ. ‘ಕೂಲೆಂಟ್ ನಳಿಕೆ ಯಾವ ಕಡೆ ತಿರುಗಿರಬೇಕು ಅನ್ನಿಸುತ್ತದೆ ನಿಮಗೆ?’ ಎಂಬ ಧಾಟಿ. (ಕೂಲೆಂಟ್ ಎಂದರೆ ಕಡೆಯುವಾಗ ಪೀಸನ್ನು ತಣ್ಣಗಿಡಲು ಸುರಿಯುವ ದ್ರವ.) ರಾತ್ರಿ ಪಾಳಿಯ ಹಿರಿಯ ಆಪರೇಟರ್, ಗದಗದ ಕಡೆಯವರು, ಒಮ್ಮೆ ಹೇಳಿಯೇಬಿಟ್ಟರು: ‘ಸರ್, ನಿಮಗೆ ಗೊತ್ತಿದ್ದರೆ ಹೇಳಿಬಿಡಿ. ನಾನು ಪರೀಕ್ಷೆ ಬರೆದು ಬಹಳ ವರ್ಷವಾಯಿತು.’ ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಎರಡು ದಿನ ಅವರ ಲೇತಿನ ಹತ್ತಿರವೂ ಸುಳಿಯಲಿಲ್ಲ.

ಕೊನೆಗೆ ಅವರ ಬಳಿಯೇ ಹೋಗಬೇಕಾಯಿತು. ಆ ವೇಳೆಗೆ ಒಂದು ಹೌಸಿಂಗಿನ ಬೋರ್, ಅಂದರೆ ಒಳಗಿನ ದುಂಡು ರಂಧ್ರ, ನಮ್ಮನ್ನು ಕಾಡುತ್ತಿತ್ತು. ಅಳತೆ 50 ಮಿಲಿಮೀಟರ್. ಅದಕ್ಕಿಂತ 25 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದೊಡ್ಡದಾಗಬಹುದು, ಕೂದಲೆಳೆಯಷ್ಟೂ ಚಿಕ್ಕದಾಗುವಂತಿಲ್ಲ. ರಾತ್ರಿ ಎಲ್ಲ ಸರಿ ಎಂದು ಬರೆದಿಟ್ಟ ಪೀಸುಗಳು ಬೆಳಿಗ್ಗೆ ತಪಾಸಣೆ ಕೋಣೆಯಲ್ಲಿ ಚಿಕ್ಕದಾಗಿರುತ್ತಿದ್ದವು. ಅಳೆಯದೆ ಬರೆಯುತ್ತಾರೆ ಎಂಬುದು ನನ್ನ ಗುಮಾನಿ. ಪ್ರತಿ ಪೀಸನ್ನೂ ಅಳೆಯಿರಿ ಎಂದು ಆಜ್ಞೆ ಹೊರಡಿಸಿದ್ದೆ. ಅಳೆದರು, ಏನೂ ಬದಲಾಗಲಿಲ್ಲ.

ಒಂದು ರಾತ್ರಿ ಹನ್ನೊಂದಕ್ಕೆ ಹೋಗಿ ಅವರ ಪಕ್ಕ ನಿಂತೆ. ನಿಜವಾಗಿಯೂ ನನಗೆ ಉತ್ತರ ಗೊತ್ತಿರಲಿಲ್ಲ. ‘ಹಗಲು ಪಾಳಿಗೂ ರಾತ್ರಿಗೂ ಏನು ವ್ಯತ್ಯಾಸ ಕಾಣುತ್ತದೆ ನಿಮಗೆ?’ ಎಂದೆ. ಅವರು ಮಾತಾಡಲಿಲ್ಲ, ಆಗಷ್ಟೇ ಚಕ್‌ನಿಂದ (ಪೀಸನ್ನು ಹಿಡಿದು ತಿರುಗಿಸುವ ಭಾಗ) ಬಿಚ್ಚಿದ ಪೀಸನ್ನು ನನ್ನ ಅಂಗೈಗೆ ಇಟ್ಟರು. ಬೆಚ್ಚಗಿತ್ತು. ಸ್ವಲ್ಪ ಹೊತ್ತಿನ ಮೇಲೆ, ‘ಹಗಲು ಇಷ್ಟು ಬಿಸಿ ಇರುವುದಿಲ್ಲ’ ಎಂದರು.

ಆ ಮಾತಿನ ಹಿಂದೆ ಹೋದೆ. ಅಲ್ಯೂಮಿನಿಯಂ ಹತ್ತು ಡಿಗ್ರಿ ಬಿಸಿಯಾದರೆ 50 ಮಿಲಿಮೀಟರ್ ಬೋರ್ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಬಿಸಿಯಲ್ಲಿ ಅಳೆದಾಗ ಸರಿ ಇದ್ದದ್ದು 20 ಡಿಗ್ರಿಯ ತಪಾಸಣೆ ಕೋಣೆಯಲ್ಲಿ ಕುಗ್ಗಿ ಕೈಕೊಡುತ್ತಿತ್ತು. ಪೀಸು ಬಿಸಿಯಾಗುತ್ತಿದ್ದದ್ದು ಕೂಲೆಂಟ್ ಬಿಸಿಯಾಗಿದ್ದರಿಂದ. ಕೂಲೆಂಟ್ ಬಿಸಿಯಾಗಿದ್ದದ್ದು ತೊಟ್ಟಿಯಲ್ಲಿ ಅರ್ಧದಷ್ಟೂ ಇರದಿದ್ದರಿಂದ. ತುಂಬಿಸೋಣವೆಂದರೆ ಕೂಲೆಂಟ್ ಎಣ್ಣೆಯ ಡ್ರಮ್ ಉಗ್ರಾಣದಲ್ಲಿ, ಉಗ್ರಾಣಕ್ಕೆ ಸಂಜೆ ಆರಕ್ಕೆ ಬೀಗ. ಡ್ರಮ್ ಕಳುವಾಗುತ್ತದೆ ಎಂದು ಆ ಬೀಗ ಹಾಕಿಸಿದವನು ನಾನೇ.

‘ಇದು ನಿಮಗೆ ಮೊದಲೇ ಗೊತ್ತಿತ್ತೇ?’ ಎಂದೆ. ‘ತೊಟ್ಟಿ ಖಾಲಿಯಾಗುವುದು ಗೊತ್ತಿತ್ತು. ಬೋರಿಗೂ ಅದಕ್ಕೂ ಸಂಬಂಧ ಅಂತ ಗೊತ್ತಿರಲಿಲ್ಲ. ನೀವು ಅಳೆಯಿರಿ ಅಂದಿರಿ, ಅಳೆದೆ.’ ಈಗ ಒಂದು ಡ್ರಮ್ ಹೊರಗೇ ಇರುತ್ತದೆ. ಪೀಸನ್ನು ಅರ್ಧ ಗಂಟೆ ತಣಿಸಿ ಅಳೆಯುತ್ತಾರೆ. ಡ್ರಮ್ ಇನ್ನೂ ಕಳುವಾಗಿಲ್ಲ.

ಎಲ್ಲಕ್ಕೂ ಪ್ರಶ್ನೆ ಕೇಳುತ್ತೇನೆ ಎಂದಲ್ಲ. ತಿರುಗುವ ಚಕ್‌ನ ಹತ್ತಿರ ಯಾರದಾದರೂ ಕೈ ಹೋದರೆ ‘ನಿಲ್ಲಿಸು’ ಎಂದು ಕೂಗುತ್ತೇನೆ. ಹೊಸಬ ಆಫ್‌ಸೆಟ್ (ಯಂತ್ರಕ್ಕೆ ಕೊಡುವ ಅಳತೆಯ ತಿದ್ದುಪಡಿ) ಹಾಕುವುದು ಹೇಗೆ ಎಂದು ಕೇಳಿದರೆ ತೋರಿಸಿಕೊಡುತ್ತೇನೆ, ‘ನಿನಗೇನನ್ನಿಸುತ್ತದೆ’ ಎಂದು ಸತಾಯಿಸುವುದಿಲ್ಲ. ನನಗೆ ಇಂದಿಗೂ ಕಷ್ಟವಾಗಿರುವುದು ಕೇಳಿದ ಮೇಲೆ ಕಾಯುವುದು. ಎದುರಿಗಿರುವವರು ಹತ್ತು ಸೆಕೆಂಡು ಸುಮ್ಮನಿದ್ದರೆ ನನ್ನ ನಾಲಿಗೆ ತುರಿಸುತ್ತದೆ. ಆಗ ಕೈಯಲ್ಲಿರುವ ಬೋರ್ ಗೇಜನ್ನು ಒರೆಸುತ್ತಾ ನಿಲ್ಲುತ್ತೇನೆ. ನಮ್ಮಲ್ಲಿ ಅತಿ ಚೊಕ್ಕಟವಾದ ಗೇಜು ಅದೇ.

ಹೋದ ವಾರ ಮಾಲೀಕರು ಕ್ಯಾಬಿನ್ನಿಗೆ ಕರೆದರು. ಮುಂದೆ ತಿಂಗಳ ವರದಿ ಇತ್ತು. ‘ಈ ಸಲ ಡೀಸೆಲ್ ಖರ್ಚು ಯಾಕೆ ಇಷ್ಟು ಜಾಸ್ತಿ?’ ಎಂದರು. ಜನರೇಟರ್ ಎಷ್ಟು ಗಂಟೆ ಓಡಿತು ಎಂಬ ಲೆಕ್ಕ ನನ್ನ ಜೇಬಿನಲ್ಲೇ ಇತ್ತು. ಅದನ್ನು ತೆಗೆಯುವ ಮೊದಲೇ ಬಾಯಿಂದ ಬಂದದ್ದು: ‘ತಪ್ಪಾಯಿತು ಸರ್.’