ಒಂದೇ ಚುನಾವಣೆ ಕಂಡ ಕೊಡಗು ಲೋಕಸಭಾ ಕ್ಷೇತ್ರ: ಚರಿತ್ರೆ ಹುಡುಕಿದ ನನ್ನ ಅನುಭವ

ಕೊಡಗಿಗೆ ತನ್ನದೇ ಲೋಕಸಭಾ ಕ್ಷೇತ್ರ ಇತ್ತು ಅಂದರೆ ಈಗಿನವರು ನಂಬುವುದಿಲ್ಲ. ಇತ್ತು. 1951–52ರ ಮೊದಲ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ನಿಡ್ಯಮಲೆ ಸೋಮಣ್ಣ ಅಲ್ಲಿಂದ ಗೆದ್ದರು. 1957ರ ಚುನಾವಣೆ ಬರುವಷ್ಟರಲ್ಲಿ ಕ್ಷೇತ್ರವೇ ಇರಲಿಲ್ಲ.

ನಾನು ಶುರುಮಾಡಿದ್ದು ಚುನಾವಣಾ ಆಯೋಗದ ಹಳೆಯ ಅಂಕಿಅಂಶ ವರದಿಯಿಂದ. ಮೈಸೂರಿನ ಪಟ್ಟಿಯಲ್ಲಿ ಹುಡುಕಿದರೆ ಇದು ಸಿಗಲ್ಲ. ಆಗ ಕೊಡಗು ಬೇರೆಯೇ ರಾಜ್ಯ, 'ಸಿ' ದರ್ಜೆಯದು, ಅಂದರೆ ಕೇಂದ್ರದ ಹತೋಟಿಯಲ್ಲಿದ್ದ ಚಿಕ್ಕ ರಾಜ್ಯ. ಹಾಗಾಗಿ 'ಕೂರ್ಗ್' ಅನ್ನುವ ಪುಟ ತೆಗೆಯಬೇಕು. ಮಡಿಕೇರಿ ಅಲ್ಲಿ 'ಮರ್ಕೇರಾ' ಆಗಿರುತ್ತದೆ.

ಅಷ್ಟು ಚಿಕ್ಕ ನಾಡಿಗೆ ಪೂರ್ತಿ ಒಂದು ಸೀಟು ಹೇಗೆ ಬಂತು? ನನ್ನನ್ನು ಜಾಸ್ತಿ ಕಾಡಿದ ಪ್ರಶ್ನೆ ಇದೇ. 1951ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 2.29 ಲಕ್ಷ. ದೊಡ್ಡ ರಾಜ್ಯಗಳಲ್ಲಿ 5ರಿಂದ 7.5 ಲಕ್ಷ ಜನಕ್ಕೆ ಒಬ್ಬ ಸದಸ್ಯ ಎಂಬುದು ಸಂವಿಧಾನದ ಆಗಿನ ಲೆಕ್ಕ. 'ಸಿ' ದರ್ಜೆಯ ರಾಜ್ಯಗಳಿಗೆ ಸೀಟು ಹಂಚುವ ಅಧಿಕಾರ ಸಂಸತ್ತಿಗೇ ಇತ್ತು. ಅಂದರೆ ಆ ಸೀಟು ಬಂದದ್ದು ತಲೆ ಎಣಿಸಿ ಅಲ್ಲ, ಕೊಡಗು ಒಂದು ರಾಜ್ಯ ಅಂತ. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಸೀಟಿನ ಆಧಾರವೇ ಹೋಯಿತು. ಇದು ತಿಳಿದ ಮೇಲೆ ಉಳಿದ ಕಾಗದಗಳೆಲ್ಲ ಅರ್ಥವಾಗತೊಡಗಿದವು.

ಕೊಡಗಿಗೆ ಆಗ ಇದ್ದ ಸ್ವಂತ ವಿಧಾನಸಭೆಯ ಫಲಿತಾಂಶವನ್ನೂ ಜೊತೆಗಿಟ್ಟು ಓದಬೇಕು. 24 ಸದಸ್ಯರಲ್ಲಿ ಕಾಂಗ್ರೆಸ್ 15, ಪಕ್ಷೇತರರು 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ವರದಿಯಲ್ಲಿ 'ಪಕ್ಷೇತರ' ಅಂತ ಸುಮ್ನೆ ಬರೆದಿದ್ದರೂ ಅವರು ಚದುರಿದ ಜನರಲ್ಲ. ಅವರದು ಪಂದ್ಯಂಡ ಬೆಳ್ಯಪ್ಪನವರ ಮುಂದಾಳತ್ವದ ತಕ್ಕಡಿ ಪಕ್ಷ; ಅದು ಮೈಸೂರಿನೊಂದಿಗೆ ವಿಲೀನ ಬೇಡ ಅಂದಿತ್ತು.

ಹಿರಿಯರನ್ನು ಮಾತಾಡಿಸುವಾಗ ಇದೇ ಕೈಹಿಡಿಯಿತು. ಇಸವಿ ಕೇಳಿದರೆ ಅವರಿಗೆ ನೆನಪಾಗುವುದಿಲ್ಲ. ಕಾಂಗ್ರೆಸ್ಸಿನ ಗುರುತು ಆಗ ಜೋಡೆತ್ತು. "ಅಜ್ಜ, ನಿಮ್ಮ ಮನೆಯವರು ಜೋಡೆತ್ತಾ, ತಕ್ಕಡಿಯಾ?" ಅಂತ ಕೇಳಿದರೆ ಸಾಕು. ಯಾರ ಮನೆ ಯಾವ ಕಡೆ, ಯಾರು ಯಾರೊಡನೆ ಮಾತು ಬಿಟ್ಟರು, ಎಲ್ಲ ಹೊರಬರುತ್ತದೆ. ಆ ಮಾತನ್ನು ವರದಿಯ ಅಂಕಿಯೊಂದಿಗೆ ತಾಳೆ ನೋಡಿಯೇ ಬರೆದುಕೊಂಡೆ.

ಮುಂದೆ ಕೊಡಗು ಮಂಗಳೂರು ಕ್ಷೇತ್ರಕ್ಕೆ ಸೇರಿತು. 1967ರಲ್ಲಿ ಅಲ್ಲಿಂದ ಲೋಕಸಭೆಗೆ ಹೋದವರು ಅದೇ ಪೂಣಚ್ಚ. 2009ರಿಂದ ಕೊಡಗು ಮೈಸೂರು ಕ್ಷೇತ್ರದಲ್ಲಿದೆ, ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಮಡಿಕೇರಿ, ವಿರಾಜಪೇಟೆ ಎರಡೇ ಇಲ್ಲಿಯವು. ಪ್ರತಿ ಚುನಾವಣೆಯಲ್ಲೂ "ನಮಗೊಬ್ಬ ಸಂಸದ ಬೇಕು" ಅನ್ನುವವರ ಮಾತಿನ ಬೇರು 1952ರಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಪೆಟ್ಟಿಗೆಯಲ್ಲಿ ಆ ಕಾಲದ ಕರಪತ್ರ ಇದ್ದರೆ ಈ ಮಳೆಗಾಲದೊಳಗೆ ಫೋಟೋ ತೆಗೆದಿಡಿ. ಕೊಡಗಿನ ತೇವಕ್ಕೆ ಕಾಗದ ಜಾಸ್ತಿ ದಿನ ಬಾಳುವುದಿಲ್ಲ.