ಹಳೇ ಪುಸ್ತಕದ ರಟ್ಟಿನ ಒಳಬದಿ ನೋಡಿ

ತುಮಕೂರಿನ ಗುಜರಿ ಅಂಗಡಿಗಳಲ್ಲಿ ಪುಸ್ತಕ ಹುಡುಕುವ ಗೆಳೆಯರೇ, ಹಳೇ ಇಂಗ್ಲಿಷ್ ಪುಸ್ತಕ ಸಿಕ್ಕರೆ ಮೊದಲು ರಟ್ಟಿನ ಒಳಬದಿ ನೋಡಿ. ‘ಎಕ್ಸ್ ಲಿಬ್ರಿಸ್’ (ಲ್ಯಾಟಿನ್‌ನಲ್ಲಿ ‘ಇಂಥವರ ಪುಸ್ತಕಗಳಿಂದ’) ಅಂತ ಬರೆದು, ಪುಸ್ತಕದ ಮಾಲೀಕರ ಹೆಸರಿರುವ ಸಣ್ಣ ಚಿತ್ರದ ಚೀಟಿ ಅಂಟಿಸಿರಬಹುದು. ಅದು ಎಚ್ಚಿಂಗ್ ಆಗಿದ್ದರೆ ನಿಜಕ್ಕೂ ಅಂಗೈಯಗಲದ ಕಲಾಕೃತಿ. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಅದ್ದಿ, ಕೊರೆದ ಗೆರೆಗಳಿಗೆ ಶಾಯಿ ತುಂಬಿ ಕಾಗದಕ್ಕೆ ಒತ್ತಿದ ಕೆಲಸ.

ಚೀಟಿಯನ್ನು ಓರೆ ಬೆಳಕಿಗೆ ಹಿಡಿಯಿರಿ. ತಗಡಿನಿಂದ ಅಚ್ಚಾಗಿದ್ದರೆ ಗೆರೆಗಳಲ್ಲಿ ಶಾಯಿ ತುಸು ಉಬ್ಬಿರುತ್ತದೆ. ಅಂಚು ಕತ್ತರಿಸಿರದಿದ್ದರೆ ಸುತ್ತ ತಗಡು ಒತ್ತಿದ ಗುರುತೂ ಕಾಣುತ್ತದೆ. ಭೂತಗನ್ನಡಿಯಲ್ಲಿ ಸಾಲು ಸಾಲು ಚುಕ್ಕಿ ಕಂಡರೆ ಅದು ಚಿತ್ರದ ಫೋಟೋ ತೆಗೆದು ಮಾಡಿದ ಅಚ್ಚು, ಎಚ್ಚಿಂಗ್ ಅಲ್ಲ.

ದಯವಿಟ್ಟು ಕೀಳಬೇಡಿ. ಪುಸ್ತಕ ಯಾರ ಮನೆಯದು ಅನ್ನೋದಕ್ಕೆ ಅದೇ ಸಾಕ್ಷಿ ಅಲ್ವಾ? ಬಿಡಿಯಾಗಿ ಸಿಕ್ಕಿದ್ದನ್ನು ಆಸಿಡ್ ಇಲ್ಲದ ಕಾಗದದ ಮಡಿಕೆಯಲ್ಲಿಡಿ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ.